‘ಸರ್ವರ್ ಇಲ್ಲ, ನಾಳೆ ಬನ್ನಿ’: ಪಹಣಿ ಕಂಪ್ಯೂಟರ್‌ಗೆ ಹೋದ ಕಥೆ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ನಾಡಕಚೇರಿ ಮೆಟ್ಟಿಲು ಹತ್ತಿದವರಲ್ಲಿ ಈ ಮಾತು ಕೇಳದವರು ಕಡಿಮೆ. ಕರೆಂಟ್ ಹೋದರೂ ಸರ್ವರ್ ಇಲ್ಲ, ಕರೆಂಟ್ ಬಂದ ಮೇಲೂ ಸರ್ವರ್ ಇಲ್ಲ. ಆದರೆ ಆ ಸರ್ವರ್ ಇರುವುದಾದರೂ ಎಲ್ಲಿ? ನಮ್ಮ ಪಹಣಿ ಅದರೊಳಗೆ ಹೋದದ್ದು ಹೇಗೆ? ಹೋದ ಮೇಲೆ ಅದರಲ್ಲಿರುವ ತಪ್ಪು ತಿದ್ದುವ ಅಧಿಕಾರ ಯಾರ ಕೈ ಸೇರಿತು? ಇದನ್ನು ಯಾರೂ ನಮಗೆ ಕೂರಿಸಿಕೊಂಡು ಹೇಳಿಲ್ಲ. ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇವೆ.

ಸಾಫ್ಟ್‌ವೇರ್ ಅಪ್‌ಡೇಟ್ ಅಂದರೆ ರಾತ್ರಿ ಫೋನ್ ಚಾರ್ಜಿಗೆ ಹಾಕಿದಾಗ ತಾನಾಗಿ ಆಗುವ ಕೆಲಸ ಎಂದು ನಾವೆಲ್ಲ ತಿಳಿದಿದ್ದೇವೆ. ಬೆಳಿಗ್ಗೆ ಎದ್ದರೆ ಒಂದೆರಡು ಗುಂಡಿಗಳ ಜಾಗ ಬದಲಾಗಿರುತ್ತದೆ, ಅಷ್ಟೇ. ಆದರೆ ಕರ್ನಾಟಕದಲ್ಲಿ ಒಂದು ಸಾಫ್ಟ್‌ವೇರ್ ಇದೆ. ಅದರ ಪ್ರತಿಯೊಂದು ಅಪ್‌ಡೇಟ್‌ನಲ್ಲೂ ಯಾರದೋ ಎರಡು ಎಕರೆಯ ಹಣೆಬರಹ ಇರುತ್ತದೆ. ಅದರ ಹೆಸರು ‘ಭೂಮಿ’.

ಇದನ್ನು ಬರೆಯುವ ಹೊತ್ತಿಗೆ ನಾವಿರುವುದು ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ. ಸುತ್ತ ಇರುವ ಯಲಚೇನಹಳ್ಳಿ, ಕೋಣನಕುಂಟೆ, ಚಿಕ್ಕಲ್ಲಸಂದ್ರ ಒಂದು ಕಾಲಕ್ಕೆ ಬೆಂಗಳೂರು ದಕ್ಷಿಣ ತಾಲ್ಲೂಕು ಉತ್ತರಹಳ್ಳಿ ಹೋಬಳಿಯ ಹಳ್ಳಿಗಳೇ. ಹೊಲ ಹೋಗಿ ಸೈಟು ಆಯಿತು, ಪಹಣಿಯ ಜಾಗಕ್ಕೆ ಖಾತಾ ಬಂತು. ಆದರೂ ಇಲ್ಲಿ ಬಾಡಿಗೆಗಿರುವ ಎಷ್ಟೋ ಮನೆಗಳಲ್ಲಿ ಊರಿನ ಜಮೀನಿನ ಪಹಣಿ ಕಪಾಟಿನೊಳಗೆ ಇದ್ದೇ ಇದೆ. ಗಾರೆ ಕೆಲಸಕ್ಕೆ ಬಂದವರು, ಸೆಕ್ಯೂರಿಟಿಗೆ ಬಂದವರು, ಆಟೋ ಓಡಿಸುವವರು ಊರಿನ ಪಹಣಿಯನ್ನು ಇಲ್ಲೇ ಫೋನಿನಲ್ಲಿ ನೋಡುತ್ತಾರೆ. ಪಕ್ಕದ ಗುಡ್ಡದ ಮೇಲಿನ ದಯಾನಂದ ಸಾಗರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಹುಡುಗರು ‘ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್’ ಎಂದು ಪರೀಕ್ಷೆಗೆ ಓದುವ ವಿಷಯವನ್ನು, ಗುಡ್ಡದ ಕೆಳಗಿನ ಈ ಜನ ಬಸ್ ಚಾರ್ಜ್ ಕೊಟ್ಟು ಕಲಿತಿದ್ದಾರೆ.

ಮೊದಲು ಕಾಗದದ ಕಾಲ. ಊರಿನ ಲೆಕ್ಕ ಶಾನುಭೋಗರ ಮನೆಯಲ್ಲಿತ್ತು. ಅದು ವಂಶಪಾರಂಪರ್ಯದ ಹುದ್ದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಆ ಪದ್ಧತಿ ಹೋಗಿ, ಸಂಬಳಕ್ಕಿರುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯಡಿ ಪಹಣಿಯೇ ಹಕ್ಕಿನ ದಾಖಲೆಯಾಯಿತು. ಪಹಣಿ ಅಂದರೂ ಆರ್‌ಟಿಸಿ ಅಂದರೂ ಒಂದೇ. ಜಮೀನು ಎಷ್ಟು, ಯಾರದು, ಅದರ ಮೇಲೆ ಸಾಲ ಇದೆಯೇ, ಯಾವ ಬೆಳೆ ಇದೆ, ಎಲ್ಲವೂ ಒಂದೇ ಹಾಳೆಯಲ್ಲಿ.

ಈ ಕಾಯ್ದೆಯ 133ನೇ ಕಲಂ ಒಂದು ಮಾತು ಹೇಳುತ್ತದೆ: ಸುಳ್ಳೆಂದು ಸಾಬೀತಾಗುವವರೆಗೆ ಪಹಣಿಯಲ್ಲಿ ಬರೆದಿದ್ದನ್ನು ನಿಜ ಎಂದೇ ತಿಳಿಯಬೇಕು. ಪಹಣಿ ಒಂದೇ ಮಾಲೀಕತ್ವಕ್ಕೆ ಸಾಕಾಗುವುದಿಲ್ಲ ಎಂದು ಕೋರ್ಟುಗಳು ಎಷ್ಟು ಸಲ ಹೇಳಿದ್ದರೂ, ಸಾಲಕ್ಕೆ, ಪರಿಹಾರಕ್ಕೆ, ಮಾರಾಟಕ್ಕೆ ಮೊದಲು ಕೇಳುವುದು ಅದನ್ನೇ. ಅಂದರೆ ಬರೆಯುವವರ ಕೈ ತಪ್ಪಿದರೆ ಆ ತಪ್ಪಿಗೂ ಕಾನೂನಿನ ಬಲ ಸಿಗುತ್ತದೆ. ಅದು ಸುಳ್ಳೆಂದು ತೋರಿಸುವ ಹೊರೆ ರೈತನ ಹೆಗಲಿಗೆ. ಈ ಒಂದು ಕಲಂ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆಲ್ಲ ಇದೇ ಬುಡ.

ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಪಹಣಿ ಪುಸ್ತಕ ಅವರ ಚೀಲದಲ್ಲಿರುತ್ತಿತ್ತು. ಅವರು ಸಿಕ್ಕರೆ ಪಹಣಿ ಸಿಕ್ಕಿತು, ಸಿಗದಿದ್ದರೆ ಇಲ್ಲ. ‘ಭೂಮಿ’ ಯೋಜನೆಯನ್ನು ಮುನ್ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರೇ ಮುಂದೆ ಬರೆದ ಪ್ರಕಾರ, ಒಂದು ಪಹಣಿ ಪ್ರತಿಗೆ 3ರಿಂದ 30 ದಿನ ಕಾಯಬೇಕಿತ್ತು, 100ರಿಂದ 2,000 ರೂಪಾಯಿವರೆಗೆ ಲಂಚ ನಡೆಯುತ್ತಿತ್ತು. ನಮ್ಮ ಹಿರಿಯರನ್ನು ಕೇಳಿದರೆ ದುಡ್ಡಿಗಿಂತ ಅಲೆದಾಟದ ಲೆಕ್ಕವನ್ನೇ ಹೆಚ್ಚು ಹೇಳುತ್ತಾರೆ.

ಇದನ್ನು ಕಂಪ್ಯೂಟರ್‌ಗೆ ಹಾಕುವ ಮೊದಲ ಪ್ರಯತ್ನ 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ, ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯಿತು. ಮುಂದೆ ಉಳಿದ ಜಿಲ್ಲೆಗಳಿಗೂ ಬಂತು. ಆದರೆ ನಿಲ್ಲಲಿಲ್ಲ. ಕಾರಣ ಸರಳ. ಕಂಪ್ಯೂಟರ್ ಇಟ್ಟದ್ದು ಜಿಲ್ಲಾ ಕೇಂದ್ರದಲ್ಲಿ, ಖಾತೆ ಬದಲಾವಣೆಯ ಕೆಲಸ ನಡೆಯುತ್ತಿದ್ದದ್ದು ತಾಲ್ಲೂಕಿನಲ್ಲಿ. ಜಿಲ್ಲೆಯಲ್ಲಿ ಒಂದು ಸಲ ಟೈಪ್ ಮಾಡಿ ಮುಗಿಸಿದರು. ಅಷ್ಟರಲ್ಲಿ ಊರಲ್ಲಿ ಅಪ್ಪ ತೀರಿಹೋಗಿ ಜಮೀನು ಮಕ್ಕಳಿಗೆ ಭಾಗವಾಗಿತ್ತು, ಇನ್ನೊಬ್ಬರು ಮಾರಿದ್ದರು. ಕೈಬರಹದ ಪುಸ್ತಕ ಮುಂದೆ ಹೋಯಿತು, ಕಂಪ್ಯೂಟರ್ ಹಿಂದೆಯೇ ಉಳಿಯಿತು. ಎರಡು ಪುಸ್ತಕಗಳಲ್ಲಿ ನಿಜವಾದದ್ದು ಯಾವುದು ಎಂದು ಕೇಳಿದರೆ ಎಲ್ಲರೂ ಕೈಬರಹದ ಕಡೆಗೇ ಬೆರಳು ತೋರಿಸುತ್ತಿದ್ದರು.

ಹಾಲಿನ ಡೈರಿಯ ಲೆಕ್ಕ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಕೈಯಲ್ಲಿ ಒಂದು ಕಾರ್ಡು, ಡೈರಿಯಲ್ಲಿ ಒಂದು ಪುಸ್ತಕ. ಬೆಳಿಗ್ಗೆ ಮೂರೂವರೆ ಲೀಟರ್ ಹಾಕಿದರೆ ಎರಡರಲ್ಲೂ ಮೂರೂವರೆ ಅಂತಲೇ ಇರಬೇಕು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಮರೆತರೆ ಬಟವಾಡೆಯ ದಿನ ಜಗಳ. ಒಂದೇ ಲೆಕ್ಕವನ್ನು ಹಲವು ಕಡೆ ಇಟ್ಟು, ಎಲ್ಲ ಕಡೆಯೂ ತಾಳೆಯಾಗುವಂತೆ ನೋಡಿಕೊಳ್ಳುವುದೇ ಹಂಚಿಟ್ಟ ಡೇಟಾಬೇಸ್‌ನ ಪೂರ್ತಿ ಕಷ್ಟ. ಸಾಫ್ಟ್‌ವೇರ್ ಎಷ್ಟೇ ದೊಡ್ಡದಾಗಲಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: ವ್ಯತ್ಯಾಸ ಬಂದರೆ ಯಾವ ಪುಸ್ತಕ ಗೆಲ್ಲುತ್ತದೆ?

‘ಭೂಮಿ’ ಗೆದ್ದದ್ದು ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟಿದ್ದರಿಂದ. 1990ರ ದಶಕದ ಕೊನೆಗೆ ಶುರುವಾಗಿ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2002ರ ಹೊತ್ತಿಗೆ ಅದು ರಾಜ್ಯದ 177 ತಾಲ್ಲೂಕು ಕೇಂದ್ರಗಳಿಗೂ ತಲುಪಿತು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ಒಂದೊಂದು ತಾಲ್ಲೂಕು ಕಚೇರಿಯಲ್ಲೂ ಒಂದೊಂದು ಸರ್ವರ್. ತಾಲ್ಲೂಕಿನ ಪಹಣಿ ತಾಲ್ಲೂಕಿನಲ್ಲೇ. ಡೇಟಾ ಎಂಟ್ರಿ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಆದೇಶ ಹೊರಡಿಸಿತು. ಎರಡು ಪುಸ್ತಕದ ಜಗಳವನ್ನು ಒಂದು ಪುಸ್ತಕ ಮುಚ್ಚಿಯೇ ಬಗೆಹರಿಸಿದರು. ರೈತ ಕಿಯಾಸ್ಕ್ ಮುಂದೆ ನಿಂತು 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ.

ಸಾಫ್ಟ್‌ವೇರ್‌ನಲ್ಲಿ ಅವತ್ತು ಬಂದ ಹೊಸ ಸೌಲಭ್ಯಗಳನ್ನು ಈಗ ನೋಡಿದರೆ, ಒಂದೊಂದೂ ಒಂದೊಂದು ಹಳೆಯ ಚಾಳಿಗೆ ಹಾಕಿದ ಬೀಗ ಎಂದು ಗೊತ್ತಾಗುತ್ತದೆ. ಪಾಸ್‌ವರ್ಡ್ ಬದಲು ಬೆರಳಚ್ಚು ಇಟ್ಟರು. ‘ನನ್ನ ಪಾಸ್‌ವರ್ಡ್ ಯಾರೋ ಕದ್ದು ಮಾಡಿದ್ದಾರೆ’ ಎಂದು ನೌಕರ ಹೇಳುವ ಹಾಗಿಲ್ಲ. ಕಿಯಾಸ್ಕ್‌ನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಟ್ಟರು, ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವರೂ ನೋಡಲಿ ಎಂದು. ಖಾತೆ ಬದಲಾವಣೆಯ ಆದೇಶವನ್ನು ಸಹಿಯ ಸಮೇತ ಸ್ಕ್ಯಾನ್ ಮಾಡಿಟ್ಟರು.

ನಮಗೆ ಬಹಳ ಮೆಚ್ಚುಗೆಯಾದದ್ದು ಸರದಿಯ ನಿಯಮ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯನ್ನೇ ಮೊದಲು ಮುಗಿಸಬೇಕು, ಮಧ್ಯದ್ದನ್ನು ಎತ್ತಿ ಮೇಲೆ ಹಾಕಲು ಸಾಫ್ಟ್‌ವೇರ್ ಬಿಡುವುದಿಲ್ಲ. ನೋಟಿಸ್ ಕೊಟ್ಟು ತಕರಾರಿಗೆ 30 ದಿನ ಕಾಯುವುದು ಮೊದಲೂ ಇತ್ತು. ಆದರೆ ದಿನ ಎಣಿಸುವ ಕೆಲಸ ಈಗ ಯಂತ್ರಕ್ಕೆ ಬಂತು. ತಾಲ್ಲೂಕು ಕಚೇರಿಯಲ್ಲಿ ಕೆಳಗಿನ ಫೈಲು ಮೇಲೆ ಬರುವುದಕ್ಕೆ ಏನೇನು ಬೇಕಿತ್ತು ಎಂದು ಬಲ್ಲವರಿಗೆ ಇದು ಸಣ್ಣ ಬದಲಾವಣೆ ಅನ್ನಿಸುವುದಿಲ್ಲ.

ಈ ಹಂಚಿಟ್ಟ ವ್ಯವಸ್ಥೆಗೆ ಒಂದು ಒಳ್ಳೆಯ ಗುಣವಿತ್ತು. ಒಂದು ತಾಲ್ಲೂಕಿನ ಸರ್ವರ್ ಕೆಟ್ಟರೆ ಆ ತಾಲ್ಲೂಕಿನ ಕೆಲಸ ಮಾತ್ರ ನಿಲ್ಲುತ್ತಿತ್ತು, ಪಕ್ಕದ ತಾಲ್ಲೂಕಿನವರಿಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ತೊಂದರೆಯೂ ಇತ್ತು. ಹೊಸ ವರ್ಷನ್ ಬಂತು ಅಂದರೆ 177 ಕಡೆ ಬೇರೆಬೇರೆಯಾಗಿ ಹಾಕಬೇಕು. ಒಂದು ತಪ್ಪು ಸರಿಮಾಡಿದರೆ ಅದು 177 ಕಡೆಯೂ ಸರಿಯಾಗಬೇಕು. ಬ್ಯಾಕಪ್ ತೆಗೆಯುವುದೂ ಅಲ್ಲಲ್ಲೇ. ಮೇಲಾಗಿ, ಪಹಣಿ ಬೇಕಾದರೆ ಜಮೀನಿರುವ ತಾಲ್ಲೂಕಿಗೇ ಹೋಗಬೇಕು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ರಾಯಚೂರಿನವರಿಗೆ ಇದು ಎರಡು ದಿನದ ಕೂಲಿಯೂ, ಎರಡು ರಾತ್ರಿಯ ಬಸ್ಸೂ ಆಗುತ್ತಿತ್ತು.

ಇನ್ನು ತಪ್ಪುಗಳ ಕಥೆ. 2 ಕೋಟಿ ದಾಖಲೆ ಟೈಪ್ ಮಾಡಿದಾಗ ನೂರಕ್ಕೆ ಒಂದು ತಪ್ಪಿದರೂ ಎರಡು ಲಕ್ಷ ಆಗುತ್ತದೆ. ಕೈಬರಹ ಓದಲಾಗದ ಕಡೆ ತಿಮ್ಮಪ್ಪ ಬಿನ್ ಹನುಮಪ್ಪ ಇದ್ದದ್ದು ತಿಮ್ಮಣ್ಣ ಆಗಿರಬಹುದು, ‘ಕೋಂ’ ಇದ್ದಲ್ಲಿ ‘ಬಿನ್’ ಬಿದ್ದಿರಬಹುದು. ಆದರೆ ಹೆಚ್ಚು ಕಾಡಿದ್ದು ಹೆಸರಿಗಿಂತ ಅಂಕಿ.

ನಿಮ್ಮ ಪಹಣಿ ತೆಗೆದು 3ನೇ ಕಾಲಂ ನೋಡಿ. ಅಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಕಳೆದು ಉಳಿದದ್ದೆಷ್ಟು ಎಂದು ಇರುತ್ತದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಒಟ್ಟು 4 ಎಕರೆ 20 ಗುಂಟೆ, ಖರಾಬು 10 ಗುಂಟೆ, ಉಳಿದದ್ದು 4 ಎಕರೆ 10 ಗುಂಟೆ ಅನ್ನಿ. ಅಣ್ಣ ತಮ್ಮ ಇಬ್ಬರಿಗೂ 2 ಎಕರೆ 5 ಗುಂಟೆ ಬರಬೇಕು. ತಮ್ಮನ ಪಾಲು ಟೈಪ್ ಮಾಡುವಾಗ 2 ಎಕರೆ 10 ಗುಂಟೆ ಆಗಿದೆ. 9ನೇ ಕಾಲಂ ಕೂಡಿದರೆ 4 ಎಕರೆ 15 ಗುಂಟೆ. ಇಲ್ಲದ 5 ಗುಂಟೆ ಹುಟ್ಟಿಕೊಂಡಿತು.

ಕಾಗದದ ಕಾಲದಲ್ಲೂ ಇಂಥವು ಎಷ್ಟೋ ಇದ್ದವು. ಶಾನುಭೋಗರು ಗಾದೆ ಹೊಲ ತೋರಿಸಿ ‘ಬದು ಇಲ್ಲಿದೆಯಲ್ಲ’ ಎಂದರೆ ಮುಗಿಯುತ್ತಿತ್ತು. ಕಂಪ್ಯೂಟರ್‌ಗೆ ಬದು ಕಾಣುವುದಿಲ್ಲ, ಕೂಡುವುದು ಕಳೆಯುವುದು ಮಾತ್ರ ಗೊತ್ತು. 3ನೇ ಕಾಲಂ, 9ನೇ ಕಾಲಂ ತಾಳೆ ಇಲ್ಲದಿದ್ದರೆ ಖಾತೆ ಬದಲಾವಣೆ ಮುಂದೆ ಹೋಗದು. ಇಲ್ಲಿ ಗಮನಿಸಿ: ತಪ್ಪಿರುವುದು ತಮ್ಮನ ಸಾಲಿನಲ್ಲಿ, ಆದರೆ ಸರಿಯಾಗಿಯೇ ಇರುವ ಅಣ್ಣನೂ ತನ್ನ ಪಾಲು ಮಾರಲಾರ, ಮಗಳ ಹೆಸರಿಗೆ ದಾನ ಬರೆಯಲಾರ. ಒಂದೇ ಪಹಣಿಯಲ್ಲಿ ಹತ್ತು ಹನ್ನೆರಡು ಜನರ ಹೆಸರಿದ್ದರೆ ಅಷ್ಟೂ ಜನ ಸಿಕ್ಕಿಕೊಂಡರು.

ಸಾಫ್ಟ್‌ವೇರ್ ಬರೆಯುವವರ ಭಾಷೆಯಲ್ಲಿ ಇದು ಬಗ್ ಅಲ್ಲ, ಸರಿಯಾದ ತಪಾಸಣೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಫೋನಿನ ಬಗ್ ಕಂಪನಿಯವರ ಖರ್ಚಿನಲ್ಲಿ ಸರಿಯಾಗುತ್ತದೆ, ಪಹಣಿಯ ಬಗ್ ರೈತನ ಖರ್ಚಿನಲ್ಲಿ. ಡೇಟಾ ಎಂಟ್ರಿಯಲ್ಲಿ ಬೆರಳು ಜಾರಿದ್ದು ಯಾರದ್ದೋ. ಅರ್ಜಿ ಬರೆಯುವುದು, ಹಳೆಯ ಕೈಬರಹದ ಪಹಣಿಯ ನಕಲು ತೆಗೆಸುವುದು, ತಾಲ್ಲೂಕಿಗೆ ಅಲೆಯುವುದು ರೈತನದ್ದು. ಬರಿ ಟೈಪಿಂಗ್ ತಪ್ಪು ಎಂದು ಒಪ್ಪಿದರೆ ತಹಶೀಲ್ದಾರರ ಮಟ್ಟದಲ್ಲಿ ಮುಗಿಯಬಹುದು. ಹಕ್ಕಿನ ಪ್ರಶ್ನೆ ಎಂದಾದರೆ 136ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗಳ ಕೋರ್ಟು, ಅಲ್ಲಿಂದ ಜಿಲ್ಲಾಧಿಕಾರಿ. ಈ ತಪ್ಪುಗಳು ಎಷ್ಟು ರಾಶಿ ಬಿದ್ದವೆಂದರೆ, ಹೋಬಳಿಗಳಿಗೇ ಹೋಗಿ ‘ಕಂದಾಯ ಅದಾಲತ್’ ನಡೆಸಿ ತಿದ್ದಬೇಕಾಯಿತು. ಅದಾಲತ್ತಿನ ದಿನ ಶಾಮಿಯಾನದ ಕೆಳಗೆ ಕೂತ ಮುದುಕರ ಕೈಯಲ್ಲಿರುವ ಪ್ಲಾಸ್ಟಿಕ್ ಕವರುಗಳನ್ನು ನೋಡಿದವರಿಗೆ ಬಗ್ ಫಿಕ್ಸ್ ಅಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಬದಲಾವಣೆ ನೋಂದಣಿ ಕಡೆಯಿಂದ ಬಂತು. ಜಮೀನು ನೋಂದಣಿಯಾಗುವುದು ಉಪನೋಂದಣಿ ಕಚೇರಿಯಲ್ಲಿ, ಪಹಣಿ ಬದಲಾಗುವುದು ತಾಲ್ಲೂಕು ಕಚೇರಿಯಲ್ಲಿ. ಎರಡರ ನಡುವೆ ಓಡಾಡುತ್ತಿದ್ದದ್ದು ಜೆ ಸ್ಲಿಪ್ ಎಂಬ ಕಾಗದ. ಆ ಕಾಗದ ತಲುಪುವವರೆಗೆ ಮಾರಿದವನ ಹೆಸರೇ ಪಹಣಿಯಲ್ಲಿ ಉಳಿದಿರುತ್ತಿತ್ತು. ಮೋಸ ಮಾಡಬೇಕೆಂದವರಿಗೆ ಆ ಸಂದು ಸಾಕಿತ್ತು, ಒಂದೇ ಹೊಲವನ್ನು ಇಬ್ಬರಿಗೆ ಮಾರುವಷ್ಟು. ನೋಂದಣಿ ಇಲಾಖೆಗೆ ‘ಕಾವೇರಿ’ ಸಾಫ್ಟ್‌ವೇರ್ ಬಂದು, ಅದಕ್ಕೂ ‘ಭೂಮಿ’ಗೂ ಕೊಂಡಿ ಹಾಕಿದ ಮೇಲೆ, ನೋಂದಣಿಗೆ ಮೊದಲೇ ಪಹಣಿಯ ಹೆಸರು ವಿಸ್ತೀರ್ಣ ನೋಡುವುದು, ನೋಂದಣಿಯಾದ ಕೂಡಲೇ ಖಾತೆ ಬದಲಾವಣೆ ತಾನಾಗಿ ಶುರುವಾಗುವುದು ಸಾಧ್ಯವಾಯಿತು. ಸರ್ವೆ ಇಲಾಖೆಯ ‘ಮೋಜಿಣಿ’ ಸೇರಿಕೊಂಡು, ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ ಮೊದಲು 11ಇ ನಕ್ಷೆ ಬೇಕೆಂದಾಯಿತು. ಬ್ಯಾಂಕುಗಳೂ ಈ ಜಾಲಕ್ಕೆ ಬಂದವು. 11ನೇ ಕಾಲಂಗೆ ಸಾಲದ ಬೋಜಾ ಹತ್ತುವುದು ಈಗ ಆನ್‌ಲೈನ್‌ನಲ್ಲೇ. ಹತ್ತಿದಷ್ಟು ಬೇಗ ಇಳಿಯುತ್ತದೆಯೇ ಎಂದು ಮಾತ್ರ ಸಾಲ ತೀರಿಸಿದವರನ್ನೇ ಕೇಳಬೇಕು.

ಈ ನಡುವೆ ಸರ್ವರ್ ಕೂಡ ಊರು ಬಿಟ್ಟಿತ್ತು. 2006ರಲ್ಲಿ ಹೋಬಳಿಗಳಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ತೆರೆದವು. ಹೋಬಳಿಯಲ್ಲಿ ಪಹಣಿ ಕೊಡಬೇಕಾದರೆ ತಾಲ್ಲೂಕಿನ ಡೇಟಾ ಒಂದು ಕಡೆ ಸೇರಬೇಕು. 177 ಕಡೆ ಇದ್ದದ್ದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದತ್ತ ಸರಿಯಿತು. ಖಾಸಗಿ ಕಂಪನಿ ನಡೆಸುತ್ತಿದ್ದ ನೆಮ್ಮದಿ ಮುಚ್ಚಿ, 2012ರ ಕೊನೆಗೆ ಸರ್ಕಾರವೇ ನಡೆಸುವ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. 2018ರಲ್ಲಿ ಸುಮಾರು 50 ಹೊಸ ತಾಲ್ಲೂಕು ಹುಟ್ಟಿದಾಗ ಹಳೆಯ ತಾಲ್ಲೂಕಿನಿಂದ ಹೋಬಳಿಗಳನ್ನು ಬಿಡಿಸಿ ಹೊಸದರ ಕೆಳಗೆ ಇಡಬೇಕಾಯಿತು. ಪ್ರತಿ ತಾಲ್ಲೂಕಿಗೂ ಬೇರೆ ಬೇರೆ ಸರ್ವರ್ ಇದ್ದ ಕಾಲದಲ್ಲಾಗಿದ್ದರೆ ಅದೆಷ್ಟು ರಾಮಾಯಣವಾಗುತ್ತಿತ್ತೋ.

ಲಾಭ ಯಾರಿಗೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ‘ಭೂಮಿ’ ಬಗ್ಗೆ ಒಂದು ಕಟುವಾದ ಅಧ್ಯಯನ ಬರೆದರು. ಊರಿನ ಮಟ್ಟದಲ್ಲಿ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದ ಜಮೀನಿನ ವ್ಯವಹಾರ ಮೇಲಕ್ಕೆ ಹೋಗಿದೆ, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಇದು ಅನುಕೂಲವಾಗಿದೆ ಎಂಬುದು ಅವರ ವಾದ. ಚಾವ್ಲಾ ಅವರ ಲೆಕ್ಕ ಬೇರೆ, ಇವರ ಲೆಕ್ಕ ಬೇರೆ. ನಮಗೆ ಎರಡೂ ಪೂರ್ತಿ ಸುಳ್ಳೆನಿಸುವುದಿಲ್ಲ. ಪಹಣಿ ಪ್ರತಿ ತೆಗೆಯುವಾಗಿನ ಲಂಚ ಹೋಯಿತು ಎನ್ನುವುದು ದೊಡ್ಡದೇ. ಆದರೆ ಪಹಣಿ ನೋಡುವುದು ಒಂದು, ಪಹಣಿ ತಿದ್ದುವುದು ಇನ್ನೊಂದು. ನೋಡುವ ಕೆಲಸ ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಫೋನಿಗೆ ಇಳಿದು ಬಂತು. ತಿದ್ದುವ ಕೆಲಸ ಮಾತ್ರ ಊರಿನ ಚೀಲದಿಂದ ಹೊರಟದ್ದು ವಾಪಸ್ ಊರಿಗೆ ಬಂದಿಲ್ಲ.

ಎಲ್ಲ ಒಂದೇ ಕಡೆ ಸೇರಿದ್ದರ ಇನ್ನೊಂದು ಮುಖವನ್ನು 2025ರ ಆರಂಭದಲ್ಲಿ ರಾಜ್ಯವೇ ಕಂಡಿತು. 2023ರಲ್ಲಿ ಬಂದ ‘ಕಾವೇರಿ 2.0’ ಜನವರಿ ಫೆಬ್ರುವರಿಯಲ್ಲಿ ದಿನಗಟ್ಟಲೆ ಕುಂಟಿತು. ಬೀದರ್‌ನಿಂದ ಚಾಮರಾಜನಗರದವರೆಗೆ ಉಪನೋಂದಣಿ ಕಚೇರಿಗಳ ಮುಂದೆ ಜನ ಕಾದರು. ನಕಲಿ ಖಾತೆಗಳಿಂದ ಒಮ್ಮೆಲೇ ಲೆಕ್ಕವಿಲ್ಲದಷ್ಟು ಕೋರಿಕೆ ಕಳಿಸಿ ಸರ್ವರ್ ಉಸಿರುಗಟ್ಟಿಸುವ ಸೈಬರ್ ದಾಳಿ ಇದು ಎಂದು ಸರ್ಕಾರ ಹೇಳಿತು, ಪೊಲೀಸ್ ಕೇಸೂ ಆಯಿತು. ಒಂದು ತಾಲ್ಲೂಕಿನ ಸರ್ವರ್ ಕೆಟ್ಟರೆ ಪಕ್ಕದ ತಾಲ್ಲೂಕಿಗೆ ಗೊತ್ತಾಗದ ಕಾಲ ಹೋಗಿ, ಎಲ್ಲಿಯೋ ಏನೋ ಆದರೆ ಎಲ್ಲ ಕಡೆಯೂ ‘ಸರ್ವರ್ ಇಲ್ಲ’ ಅನ್ನುವ ಕಾಲ ಬಂದಿದೆ.

ಈಗ ನಡೆಯುತ್ತಿರುವ ಕೆಲಸ ಇನ್ನೂ ಕುತೂಹಲದ್ದು. 2024ರಿಂದ ಹಳ್ಳಿಗಳಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಿದೆ. ಗ್ರಾಮ ಲೆಕ್ಕಿಗರ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ, ಚೀಲದ ಬದಲು ಫೋನ್ ಹಿಡಿದು ಮನೆಗೆ ಬರುತ್ತಾರೆ. ಆಧಾರ್ ಜೋಡಿಸಲು ಹೋದಾಗ ಎಷ್ಟೋ ಪಹಣಿಗಳಲ್ಲಿ ಇರುವುದು ತೀರಿಹೋದ ತಾತನ ಹೆಸರು. ಪೌತಿ ಖಾತೆ ಆಗಿಯೇ ಇಲ್ಲ. ಮಕ್ಕಳು ಮೊಮ್ಮಕ್ಕಳು ಉಳುತ್ತಿದ್ದಾರೆ, ಕಂಪ್ಯೂಟರ್‌ನಲ್ಲಿ ತಾತ ಇನ್ನೂ ಬದುಕಿದ್ದಾರೆ. ಇದನ್ನು ಯಾವ ಅಪ್‌ಡೇಟೂ ತಾನಾಗಿ ಸರಿಮಾಡಲಾರದು. ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ಎಲ್ಲಕ್ಕಿಂತ ಮೊದಲು ಅಣ್ಣ ತಮ್ಮ ಅಕ್ಕ ತಂಗಿ ಒಂದು ಕಡೆ ಕೂತು ಒಪ್ಪಬೇಕು. ಈ ಕುಮಾರಸ್ವಾಮಿ ಲೇಔಟ್‌ನಲ್ಲಿರುವ ತಮ್ಮ, ಊರಿನಲ್ಲಿರುವ ಅಣ್ಣ ಫೋನಿನಲ್ಲಿ ಮಾತು ಬಿಟ್ಟಿದ್ದರೆ ಆ ಪಹಣಿ ಅಲ್ಲೇ ನಿಂತಿರುತ್ತದೆ.

ಅದೇ ವರ್ಷ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವುದು ಶುರುವಾಯಿತು. ಯಾವ ಕೈಬರಹದ ಪುಸ್ತಕಕ್ಕೆ ಬೆಲೆ ಇಲ್ಲ ಎಂದು 20 ವರ್ಷದ ಹಿಂದೆ ಮುಚ್ಚಿದರೋ, ಕಂಪ್ಯೂಟರ್‌ನ ತಪ್ಪು ತೋರಿಸಲು ಈಗ ಅದೇ ಪುಸ್ತಕ ಬೇಕಾಗಿದೆ. ಇಲಿ, ಗೆದ್ದಲು, ಮಳೆನೀರು ದಾಟಿ ಉಳಿದಿರುವ ಹಾಳೆಗಳು ಯಂತ್ರದ ಕೆಳಗೆ ಒಂದೊಂದಾಗಿ ಹೋಗುತ್ತಿವೆ.

ನಿಮ್ಮ ಪಹಣಿಯ 9ನೇ ಕಾಲಂ ಕೂಡಿ ನೋಡಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 3ನೇ ಕಾಲಂನಲ್ಲಿ ಖರಾಬು ಕಳೆದು ಉಳಿದದ್ದಕ್ಕೆ ತಾಳೆಯಾಗದಿದ್ದರೆ, ಮಾರುವ ಅಥವಾ ಭಾಗ ಮಾಡಿಕೊಳ್ಳುವ ದಿನದವರೆಗೆ ಕಾಯಬೇಡಿ. ಡೇಟಾ ಎಂಟ್ರಿಗೆ ಮೊದಲಿನ ಕೈಬರಹದ ಪಹಣಿ, ಅದರ ಖಾತೆ ಬದಲಾವಣೆಯ ಪುಟ, ಎರಡರ ದೃಢೀಕೃತ ನಕಲಿಗೆ ರೆಕಾರ್ಡ್ ರೂಮಿನಲ್ಲಿ ಅರ್ಜಿ ಹಾಕಿ. ಅರ್ಜಿಯಲ್ಲಿ ಸರ್ವೆ ನಂಬರ್, ಹಿಸ್ಸಾ ನಂಬರ್ ಎರಡೂ ಬರೆಯಿರಿ. ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಬರಬೇಡಿ.